ಎಲೆಪಟ್ಟಿ ಮೇಲಕ್ಕೆ, ಆಕ್ಸಲ್ ಕೆಳಕ್ಕೆ: ಹಳೆಯ ಟ್ರಕ್ಕಿನ ಮುಂಭಾಗ ಬದಲಿಸಿದ ಅನುಭವ

ಮುಂದಿನ ಆಕ್ಸಲ್ ಹೌಸಿಂಗ್ ಅಂದರೆ ಮೂಲತಃ ಒಂದು ದಪ್ಪ ಉಕ್ಕಿನ ಕೊಳವೆ. ಅದರ ಎರಡು ತುದಿಗಳಲ್ಲಿ ಚಕ್ರ ಹೊತ್ತು ತಿರುಗುವ ಸ್ಟೀರಿಂಗ್ ನಕಲ್‌ಗಳು, ನಡುವೆ ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್, ಅಲ್ಲಿಂದ ಹಿಂದಕ್ಕೆ ಮೂತಿ ಚಾಚಿಕೊಂಡ, ಬಲವನ್ನು ಒಳತರುವ ಪಿನಿಯನ್. ಎಲ್ಲವೂ ಒಂದೇ ಕೊಳವೆಗೆ ಬೆಸೆದಿರುವುದರಿಂದ ಒಂದನ್ನು ತಿರುಗಿಸಿದರೆ ಉಳಿದವೂ ಜೊತೆಗೇ ತಿರುಗುತ್ತವೆ. ಪಿನಿಯನ್ ಮೂತಿಯನ್ನು ಹತ್ತು ಡಿಗ್ರಿ ಮೇಲಕ್ಕೆತ್ತಿದರೆ ಅದಕ್ಕೆ ಬಲ ತರುವ ಪ್ರೊಪೆಲ್ಲರ್ ಶಾಫ್ಟಿಗೆ ಹಿತ. ಆದರೆ ಅದೇ ಹತ್ತು ಡಿಗ್ರಿ ಕ್ಯಾಸ್ಟರ್ ಕೋನದಿಂದ (ನಕಲ್ ತಿರುಗುವ ಅಕ್ಷದ ಮೇಲ್ತುದಿಯ ಓರೆ; ಹಿಂದಕ್ಕೆ ವಾಲಿದರೆ ಧನ, ಮುಂದಕ್ಕಾದರೆ ಋಣ) ಕಳೆದುಹೋಗುತ್ತದೆ, ಸ್ಟೀರಿಂಗ್ ಅತ್ತಿತ್ತ ಅಲೆಯತೊಡಗುತ್ತದೆ. ಹಳೆಯ ಟ್ರಕ್ಕಿನ ಮುಂಭಾಗವನ್ನು ಎತ್ತರಿಸಲು ಹೊರಟವರೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಜಗಳದ ಮುಂದೆ. ನಾನು ಮಾಡಿದ ಕೆಲಸದ ಬಹುಪಾಲೂ ಇದರ ಇತ್ಯರ್ಥವೇ.

ನನ್ನದು ಎಂಬತ್ತರ ದಶಕದ ಪಿಕಪ್. ಏಣಿ ಮಾದರಿಯ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಘನ ಆಕ್ಸಲ್, ನಾಲ್ಕೂ ಮೂಲೆಯಲ್ಲಿ ಎಲೆಪಟ್ಟಿ ಸ್ಪ್ರಿಂಗ್. ಪಟ್ಟಿಗಳು ಆಕ್ಸಲ್ ಕೊಳವೆಯ ಕೆಳಗೆ ಜೋತುಬಿದ್ದಿದ್ದವು. ಮುಂದಿನ ಪಟ್ಟಿಯ ಹಿಂದಿನ ಕಣ್ಣು (ತುದಿಯ ಬಳೆ) ಚಾಸಿಗೆ ಸ್ಥಿರವಾಗಿ ಕಟ್ಟಿಕೊಂಡಿತ್ತು, ಮುಂದಿನ ಕಣ್ಣು ಶ್ಯಾಕಲ್ ಎಂಬ ಅಲುಗಾಡುವ ಕೊಂಡಿಯಲ್ಲಿ ತೂಗುತ್ತಿತ್ತು. ಬೇಕಾದಾಗ ಮಾತ್ರ ಹಾಕುವ ಫೋರ್ ವೀಲ್ ಡ್ರೈವ್. ಮುಂದಿನ ಚಕ್ರಗಳಿಗೆ ಬಲ ಮುಟ್ಟಲು ಅವುಗಳ ಹಬ್‌ಗಳನ್ನು ಕೈಯಿಂದ ಲಾಕ್ ಮಾಡಬೇಕು. ನಕಲ್ ಒಳಗೆ ಬಿರ್ಫೀಲ್ಡ್ ಜಾಯಿಂಟ್, ಅಂದರೆ 1920ರ ದಶಕದಲ್ಲಿ ಆಲ್ಫ್ರೆಡ್ ರ್ಜೆಪ್ಪಾ ರೂಪಿಸಿದ ಆರು ಗುಂಡುಗಳ ಸ್ಥಿರವೇಗದ ಜಾಯಿಂಟಿನ ವಂಶದ್ದು.

ಎತ್ತರಕ್ಕಾಗಿ ಎತ್ತರ ನನಗೆ ಬೇಕಿರಲಿಲ್ಲ. ಬೇಕಿದ್ದದ್ದು 33 ಇಂಚಿನ ಟೈರ್ ಕೂರಲು ಜಾಗ, ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ, ಕೆಳಗೆ ಕಲ್ಲಿಗೆ ಸಿಕ್ಕಿಹಾಕಿಕೊಳ್ಳುವ ಯು ಬೋಲ್ಟ್ ಪ್ಲೇಟುಗಳಿಂದ ಬಿಡುಗಡೆ, ಉಬ್ಬುತಗ್ಗಿನಲ್ಲಿ ಚಕ್ರಕ್ಕೆ ಇನ್ನಷ್ಟು ಓಡಾಟ. ಡಿಫರೆನ್ಷಿಯಲ್ ನೆಲದಿಂದ ಎಷ್ಟು ಮೇಲಿರುತ್ತದೆ ಎಂಬುದನ್ನು ಟೈರ್ ಮಾತ್ರ ಬದಲಿಸಬಲ್ಲದು, ಸ್ಪ್ರಿಂಗ್ ಅಲ್ಲ. ಸ್ಪ್ರಿಂಗ್ ಎತ್ತುವುದು ಚಾಸಿಯನ್ನು, ಬಾಡಿಯನ್ನು. ಈ ವ್ಯತ್ಯಾಸ ತಲೆಯಲ್ಲಿದ್ದರೆ ಅನಗತ್ಯವಾಗಿ ಎತ್ತರಿಸುವ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಪಟ್ಟಿಗಳನ್ನು ಆಕ್ಸಲ್‌ನ ಕೆಳಗಿಂದ ಮೇಲಕ್ಕೆ ವರ್ಗಾಯಿಸುವುದೆಂದು ತೀರ್ಮಾನಿಸಿದೆ. ಹೀಗೆ ಮಾಡಿದಾಗ ಕೊಳವೆಯ ವ್ಯಾಸ, ಪಟ್ಟಿಗಳ ದಪ್ಪ, ಕೂರುವ ಪೀಠದ ಎತ್ತರ ಎಲ್ಲ ಸೇರಿ ಗಾಡಿ ಒಂದೇ ಏಟಿಗೆ ಐದು ಇಂಚಿನಷ್ಟು ಏರಿಬಿಡುತ್ತದೆ. ಅಷ್ಟು ನನಗೆ ಹೆಚ್ಚಾಯಿತು. ಅದಕ್ಕೆ ಕಮಾನು ಕಡಿಮೆ ಇರುವ, ಚಪ್ಪಟೆಗೆ ಹತ್ತಿರದ ಪಟ್ಟಿಗಳನ್ನು ಆರಿಸಿ ಏರಿಕೆಯನ್ನು 100 ಮಿ.ಮೀ.ಗೆ ಇಳಿಸಿಕೊಂಡೆ. ಕಮಾನು ಜಾಸ್ತಿ ಇರುವ ಗಟ್ಟಿ ಪಟ್ಟಿ ಹಾಕಿ ಎತ್ತರಿಸುವುದಕ್ಕಿಂತ, ಚಪ್ಪಟೆ ಪಟ್ಟಿಯನ್ನು ಆಕ್ಸಲ್ ಮೇಲೆ ಕೂರಿಸಿ ಎತ್ತರ ಪಡೆಯುವುದು ನನ್ನ ಮಟ್ಟಿಗೆ ಯಾವಾಗಲೂ ಉತ್ತಮ. ಚಪ್ಪಟೆ ಪಟ್ಟಿ ಮೆತ್ತಗೆ ಆಡುತ್ತದೆ, ಆಕ್ಸಲ್ ಹಿಂದೆ ಮುಂದೆ ಸರಿಯುವುದೂ ಕಡಿಮೆ.

ಬಿಚ್ಚುವ ಮೊದಲು ಅಳತೆ. ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ಟೈರುಗಳಲ್ಲಿ ಒಂದೇ ಗಾಳಿ ಒತ್ತಡ ಇಟ್ಟು, ಆಯಸ್ಕಾಂತದ ಕೋನಮಾಪಕವನ್ನು ಒಂದೊಂದೇ ಕಡೆ ಅಂಟಿಸಿ ಬರೆದುಕೊಂಡೆ. ಎಂಜಿನ್ ಬಲವನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಮುಂದಿನ ಫ್ಲೇಂಜಿನಿಂದ (ಶಾಫ್ಟ್ ಬಿಗಿಯುವ ಬಿಲ್ಲೆ) ಪಿನಿಯನ್ ಫ್ಲೇಂಜಿಗೆ ಅಡ್ಡಲಾಗಿ ಇರುವ ದೂರ, ಮೇಲಿಂದ ಕೆಳಕ್ಕೆ ಇರುವ ಇಳಿತ, ಎರಡೂ ಫ್ಲೇಂಜುಗಳ ಓರೆ, ಎಡ ಬಲ ನಕಲ್‌ಗಳ ಕ್ಯಾಸ್ಟರ್. ನನ್ನ ಗಾಡಿಯಲ್ಲಿ ಎಂಜಿನ್ ಗೇರ್‌ಬಾಕ್ಸ್ ಹಿಂಬದಿಗೆ 3 ಡಿಗ್ರಿ ಇಳಿಜಾರಾಗಿ ಕೂತಿದೆ. ಅಂದರೆ ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೆ ಹೊರಡುವ ಫ್ಲೇಂಜ್ 3 ಡಿಗ್ರಿ ಆಕಾಶ ನೋಡುತ್ತದೆ. ಪಿನಿಯನ್ 3 ಡಿಗ್ರಿ ನೆಲ ನೋಡುತ್ತಿತ್ತು. ಎರಡೂ ಸಮಾನಾಂತರ. ಕ್ಯಾಸ್ಟರ್ 3 ಡಿಗ್ರಿ ಧನ.

ಆ ಸಮಾನಾಂತರಕ್ಕೆ ಕಾರಣವಿದೆ. ಎರಡು ನೊಗಗಳ (ಕವಲು ತುದಿಗಳ) ನಡುವೆ ಒಂದು ಕ್ರಾಸ್ (ಕೂಡು ಗುರುತಿನಾಕಾರದ ತುಂಡು) ಇಟ್ಟು ತಿರುಗುವಿಕೆಯನ್ನು ಕೋನದಲ್ಲಿ ದಾಟಿಸುವ ಜಾಯಿಂಟ್ ಹದಿನಾರನೇ ಶತಮಾನದ ಗಿರೊಲಾಮೊ ಕಾರ್ಡಾನೊ ಹೆಸರಿನಲ್ಲಿ ಉಳಿದಿದೆ. ಹದಿನೇಳನೇ ಶತಮಾನದಲ್ಲಿ ರಾಬರ್ಟ್ ಹುಕ್ ಅದನ್ನು ಬಳಸಿ ಅಭ್ಯಾಸ ಮಾಡಿದ. ಅದರ ಗುಣವೇನೆಂದರೆ, ಕೋನದಲ್ಲಿ ತಿರುಗುವಾಗ ಒಳಬರುವ ವೇಗ ಸ್ಥಿರವಿದ್ದರೂ ಹೊರಹೋಗುವ ವೇಗ ಸ್ಥಿರವಾಗಿರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಏರಿಳಿತದ ಪ್ರಮಾಣ ಕೋನದ ಕೊಸೈನ್‌ನಿಂದ ಸಿಗುತ್ತದೆ. 10 ಡಿಗ್ರಿಯಲ್ಲಿ ಸುಮಾರು ಶೇ. 1.5, 20 ಡಿಗ್ರಿಯಲ್ಲಿ ಸುಮಾರು ಶೇ. 6, 30 ಡಿಗ್ರಿಯಲ್ಲಿ ಶೇ. 15. ಕೋನ ಎರಡರಷ್ಟಾದರೆ ನಡುಕ ನಾಲ್ಕರಷ್ಟಾಗುತ್ತದೆ ಎಂದು ಅಂದಾಜಿಗೆ ಇಟ್ಟುಕೊಳ್ಳಬಹುದು. ಇದನ್ನು ಅಳಿಸಲು ಎರಡನೇ ಜಾಯಿಂಟನ್ನು ಅದೇ ಕೋನದಲ್ಲಿ, ಶಾಫ್ಟಿನ ಎರಡೂ ತುದಿಯ ನೊಗಗಳನ್ನು ಒಂದೇ ಸಮತಲದಲ್ಲಿ ಇಡುತ್ತಾರೆ. ಮೊದಲನೆಯದು ಕೆಡಿಸಿದ್ದನ್ನು ಎರಡನೆಯದು ಸರಿಮಾಡುತ್ತದೆ. ಶಾಫ್ಟಿನ ಎರಡು ಭಾಗಗಳು ಒಂದರೊಳಗೊಂದು ಜಾರುವುದು ಸ್ಪ್ಲೈನ್ ಎಂಬ ಉದ್ದುದ್ದ ಹಲ್ಲುಗಳ ಮೇಲೆ; ನೊಗಗಳು ಅಲ್ಲಿ ಒಂದು ಹಲ್ಲಿನಷ್ಟು ತಪ್ಪಿ ಕೂತರೂ ಈ ಲೆಕ್ಕ ತಪ್ಪುತ್ತದೆ. ಶಾಫ್ಟ್ ಬಿಚ್ಚುವ ಮೊದಲು ಬಣ್ಣದ ಗುರುತು ಹಾಕಿಕೊಳ್ಳಿ ಎಂದು ಮೆಕ್ಯಾನಿಕ್‌ಗಳು ಪದೇ ಪದೇ ಹೇಳುವುದು ಅದಕ್ಕೇ.

ನನ್ನ ಗಾಡಿಯಲ್ಲಿ ಫ್ಲೇಂಜಿನಿಂದ ಫ್ಲೇಂಜಿಗೆ ಅಡ್ಡದೂರ ಸುಮಾರು 700 ಮಿ.ಮೀ., ಇಳಿತ 120. ಶಾಫ್ಟಿನ ಇಳಿಜಾರು ಸುಮಾರು 10 ಡಿಗ್ರಿ, ಜಾಯಿಂಟುಗಳ ಕೋನ 13ರ ಆಸುಪಾಸು. ಗಾಡಿ 100 ಮಿ.ಮೀ. ಏರಿದರೆ ಇಳಿತ 220 ಆಗುತ್ತದೆ, ಇಳಿಜಾರು 17 ಡಿಗ್ರಿ ದಾಟುತ್ತದೆ, ಜಾಯಿಂಟ್ ಕೋನ 20. ಇದು ಗಾಡಿ ಸುಮ್ಮನೆ ನಿಂತಾಗಿನ ಮಾತು. ಚಕ್ರಗಳು ಇನ್ನೂ 120 ಮಿ.ಮೀ. ಕೆಳಕ್ಕೆ ಜೋತಾಗ ಮೇಲಿನ ಜಾಯಿಂಟಿನ ಕೋನ 29ರ ಹತ್ತಿರ. ಸಾಮಾನ್ಯ ಒಂಟಿ ಕ್ರಾಸಿನ ನೊಗಗಳು ಅದಕ್ಕೂ ಮೊದಲೇ ಒಂದಕ್ಕೊಂದು ತಾಗುತ್ತವೆ. ತಾಗಿದ ಮೇಲೂ ಶಾಫ್ಟ್ ತಿರುಗಿದರೆ ನೊಗದ ಕಿವಿ ಒಡೆಯುತ್ತದೆ, ಇಲ್ಲವೇ ಟ್ರಾನ್ಸ್‌ಫರ್ ಕೇಸಿನ ಬೇರಿಂಗ್ ಹೋಗುತ್ತದೆ.

ಇಷ್ಟು ಲೆಕ್ಕ ಕಾಗದದ ಮೇಲೆ ಇದ್ದಾಗ ದಾರಿಗಳು ಮೂರೇ ಎಂದು ಕಂಡಿತು. ಕ್ಯಾಸ್ಟರ್ ಮುಟ್ಟದೆ, ಪಿನಿಯನ್ ಇದ್ದ ಹಾಗೇ ಬಿಟ್ಟು, ಒಂಟಿ ಕ್ರಾಸುಗಳ ಉದ್ದನೆಯ ಶಾಫ್ಟ್ ಹಾಕಿ ಚಕ್ರದ ಇಳಿತವನ್ನು ಕಡಿತಗೊಳಿಸುವುದು ಒಂದು. ಹಬ್ ಲಾಕ್ ಬಿಚ್ಚಿದ್ದಾಗ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲವಾದ್ದರಿಂದ ರಸ್ತೆಯಲ್ಲಿ ನಡುಕದ ಪ್ರಶ್ನೆಯಿಲ್ಲ. ಎಷ್ಟೋ ಜನ ಇಷ್ಟಕ್ಕೇ ನಿಲ್ಲುತ್ತಾರೆ, ಅದು ತಪ್ಪಲ್ಲ. ಎರಡನೆಯದು, ಪಟ್ಟಿಯ ಕೆಳಗೆ ಬೆಣೆ ಹಾಕಿ ಇಡೀ ಆಕ್ಸಲನ್ನು ತಿರುಗಿಸಿ ಪಿನಿಯನ್ ಎತ್ತುವುದು. ಇದನ್ನು ಮುಂದಿನ ಆಕ್ಸಲ್‌ಗೆ ಯಾರೂ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಸ್ಟರ್ ಸೊನ್ನೆಗಿಂತ ಕೆಳಗಿಳಿದ ಗಾಡಿಯಲ್ಲಿ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ವೇಗದಲ್ಲಿ ಅದು ಜೀವಕ್ಕೆ ಸಂಬಂಧಿಸಿದ ವಿಷಯ. ಮೂರನೆಯದು, ಕೊಳವೆಯ ತುದಿಯ ವೆಲ್ಡ್ ಕತ್ತರಿಸಿ ನಕಲ್‌ಗಳನ್ನು ಬೇರೆಯಾಗಿ ತಿರುಗಿಸಿ ಮತ್ತೆ ಬೆಸೆಯುವುದು. ಆಗ ಪಿನಿಯನ್ ತನ್ನ ದಾರಿ ಹಿಡಿಯುತ್ತದೆ, ಕ್ಯಾಸ್ಟರ್ ತನ್ನ ದಾರಿ. ಕೆಲಸ ಹೆಚ್ಚು, ಹಿಂದಿರುಗಲು ದಾರಿಯಿಲ್ಲ. ನಾನು ಇದನ್ನೇ ಹಿಡಿದೆ. ಏಕೆಂದರೆ ಮುಂದಿನ ಶಾಫ್ಟಿನ ಮೇಲೆ ಅತಿಹೆಚ್ಚು ತಿರುಚುಬಲ ಬೀಳುವುದು ಲೋ ರೇಂಜಿನಲ್ಲಿ (ಟ್ರಾನ್ಸ್‌ಫರ್ ಕೇಸಿನ ನಿಧಾನದ ಗೇರಿನಲ್ಲಿ), ಏರಿನಲ್ಲಿ, ಒಂದು ಚಕ್ರ ಜೋತುಬಿದ್ದಾಗ. ಕೋನ ಅತಿ ಕೆಟ್ಟದಾಗುವುದೂ ಅದೇ ಕ್ಷಣದಲ್ಲಿ.

ಶ್ಯಾಕಲ್ ವಿಷಯವನ್ನು ಇಲ್ಲೇ ಸೇರಿಸಬೇಕು, ಏಕೆಂದರೆ ಶಾಫ್ಟಿನ ಉದ್ದವನ್ನು ನಿರ್ಧರಿಸಿದ್ದು ಅದೇ. ಹಳೆಯ ಜೀಪ್ ಸಿಜೆಗಳಲ್ಲಿರುವ ಹಾಗೆ ನನ್ನ ಟ್ರಕ್ಕಿನಲ್ಲೂ ಮುಂದಿನ ಪಟ್ಟಿಯ ಶ್ಯಾಕಲ್ ಮುಂದುಗಡೆ ಇತ್ತು. ಕಮಾನು ಅದುಮಿದಾಗ ಪಟ್ಟಿ ಉದ್ದವಾಗುತ್ತದೆ. ಹಿಂದಿನ ತುದಿ ಸ್ಥಿರವಾಗಿರುವುದರಿಂದ ಆಕ್ಸಲ್ ಮೇಲೇಳುತ್ತಾ ಮುಂದಕ್ಕೆ ಹೋಗಬೇಕು. ಎದುರಿಗೆ ಕಲ್ಲಿದೆ, ಕಲ್ಲು ಚಕ್ರವನ್ನು ಹಿಂದಕ್ಕೆ ದೂಡುತ್ತಿದೆ, ಪಟ್ಟಿ ಮುಂದಕ್ಕೆ ದೂಡುತ್ತಿದೆ. ಆ ಏಟು ಸೀಟಿಗೆ ಬರುತ್ತದೆ. ಲ್ಯಾಂಡ್ ರೋವರ್‌ನ ಸೀರೀಸ್ ಗಾಡಿಗಳಲ್ಲಿ ಕಾರ್ಖಾನೆಯಿಂದಲೇ ಮುಂದಿನ ತುದಿ ಸ್ಥಿರ, ಶ್ಯಾಕಲ್ ಹಿಂದೆ. ಅಲ್ಲಿ ಚಕ್ರ ಮೇಲೇಳುತ್ತಾ ಹಿಂದಕ್ಕೆ ಸರಿಯುತ್ತದೆ, ಕಲ್ಲಿನ ಜೊತೆ ಹೊಂದಿಕೊಂಡು ಹೋಗುತ್ತದೆ. ನಾನೂ ಶ್ಯಾಕಲನ್ನು ಹಿಂದಕ್ಕೆ ಒಯ್ದೆ.

ಇದಕ್ಕೆ ತೆರಬೇಕಾದ ಬೆಲೆ ಶಾಫ್ಟಿನಲ್ಲಿದೆ. ಚಕ್ರ ಜೋತಾಗ ಆಕ್ಸಲ್ ಮುಂದಕ್ಕೆ ಹೋಗುತ್ತದೆ, ಅಂದರೆ ಟ್ರಾನ್ಸ್‌ಫರ್ ಕೇಸಿನಿಂದ ದೂರ. ಅದುಮಿದಾಗ ಹಿಂದಕ್ಕೆ, ಅಂದರೆ ಹತ್ತಿರ. ಮೇಲೆ ಕೆಳಗೆ ಆಗುವ ಬದಲಾವಣೆಯೂ ಇದೇ ದಿಕ್ಕಿನಲ್ಲಿ ಕೂಡಿಕೊಳ್ಳುತ್ತದೆ. ನನ್ನ ಅಳತೆಗಳಲ್ಲಿ ನಿಂತ ಸ್ಥಿತಿಯ ಶಾಫ್ಟ್ ಉದ್ದ ಸುಮಾರು 734 ಮಿ.ಮೀ. 120 ಮಿ.ಮೀ. ಜೋತು ಆಕ್ಸಲ್ 20 ಮುಂದೆ ಸರಿದರೆ 796. 80 ಮಿ.ಮೀ. ಅದುಮಿ ಆಕ್ಸಲ್ 12 ಹಿಂದೆ ಸರಿದರೆ 702. ಒಟ್ಟು ಓಡಾಟ 94 ಮಿ.ಮೀ. ಶ್ಯಾಕಲ್ ಮುಂದೆಯೇ ಉಳಿದಿದ್ದರೆ ಇದೇ ಪಟ್ಟಿಗೆ, ಇದೇ ಏರಿಳಿತಕ್ಕೆ 34 ಮಿ.ಮೀ. ಸಾಕಿತ್ತು, ಏಕೆಂದರೆ ಅಲ್ಲಿ ಎರಡು ಚಲನೆಗಳು ಒಂದನ್ನೊಂದು ಕಳೆಯುತ್ತವೆ. ಸ್ಪ್ಲೈನಿನ ಓಡಾಟ ಸುಮಾರು ಮೂರು ಪಟ್ಟು. ಹಳೆಯ ಶಾಫ್ಟನ್ನೇ ಉಳಿಸಿಕೊಂಡು ಶ್ಯಾಕಲ್ ತಿರುಗಿಸಿದರೆ ಒಂದೋ ಪೂರ್ತಿ ಅದುಮಿದಾಗ ಸ್ಪ್ಲೈನ್ ತಳ ಮುಟ್ಟಿ ಟ್ರಾನ್ಸ್‌ಫರ್ ಕೇಸಿಗೆ ಗುದ್ದುತ್ತದೆ, ಇಲ್ಲವೇ ಜೋತಾಗ ಕಳಚಿಕೊಂಡು ನೆಲಕ್ಕೆ ಬೀಳುತ್ತದೆ.

ಕೆಲಸ ಶುರುವಾದದ್ದು ಚಾಸಿಯಿಂದ. ಪಟ್ಟಿಯ ಮುಂದಿನ ಕಣ್ಣು ಕಟ್ಟುವ ಸ್ಥಿರ ಹ್ಯಾಂಗರುಗಳನ್ನು 6 ಮಿ.ಮೀ. ದಪ್ಪದ ಪ್ಲೇಟಿನಲ್ಲಿ ಮಾಡಿ, ಎಡ ಬಲ ಎರಡನ್ನೂ ಅಡ್ಡ ಕೊಳವೆಯಿಂದ ಬಿಗಿದೆ. ಮೊದಲು ಅಲ್ಲಿ ತೂಗುವ ಶ್ಯಾಕಲ್ ಇತ್ತು, ಈಗ ಚಕ್ರದ ಏಟೆಲ್ಲ ನೇರವಾಗಿ ಬಂದು ತಾಗುವ ಜಾಗ ಅದು. ಚಾಸಿಯ ತುದಿ ತಿರುಚದಂತೆ ಆಧಾರ ಬೇಕೇ ಬೇಕು. ಹಿಂದೆ ಶ್ಯಾಕಲ್‌ನ ಬುಷ್‌ಗೆ ಚಾಸಿಯನ್ನು ಅಡ್ಡಲಾಗಿ ಕೊರೆದು ಕೊಳವೆ ತೂರಿಸಿ, ಒಳಗೂ ಹೊರಗೂ ಎರಡೂ ಗೋಡೆಗೆ ಬೆಸೆದೆ. ಗಾಡಿಯ ಭಾರ ಕೂತಾಗ ಶ್ಯಾಕಲ್‌ನ ಕೆಳತುದಿ ಸ್ವಲ್ಪ ಹಿಂದಕ್ಕೆ ವಾಲಿರುವಂತೆ ಜಾಗ ಗುರುತಿಸಿದ್ದೆ. ನೆಟ್ಟಗೆ ನಿಂತರೆ ಚಕ್ರ ಪೂರ್ತಿ ಜೋತಾಗ ಅದು ಮುಂದಕ್ಕೆ ಮಡಚಿಕೊಂಡು ಸಿಕ್ಕಿಬೀಳಬಹುದು.

ಆಕ್ಸಲ್ಲನ್ನು ಹಳೆಯ ಜಾಗಕ್ಕಿಂತ 25 ಮಿ.ಮೀ. ಮುಂದೆ ಕೂರಿಸಿದೆ. ಈಗ ಅದುಮಿದಾಗಲೆಲ್ಲ ಚಕ್ರ ಹಿಂದಕ್ಕೆ ಬರುವುದರಿಂದ ದೊಡ್ಡ ಟೈರ್ ಮಡ್ಗಾರ್ಡಿನ ಹಿಂಬದಿಗೆ ಉಜ್ಜದಿರಲಿ ಎಂದು. ಮೇಲೆ ಹೇಳಿದ 700 ಮಿ.ಮೀ. ಇದನ್ನೂ ಸೇರಿಸಿ ಬಂದ ಅಂಕಿ.

ನಂತರ ಪಟ್ಟಿಯ ಕಟ್ಟು ಬಿಚ್ಚಿ ಮೇನ್ ಲೀಫ್ ಒಂದನ್ನೇ ಉಳಿಸಿ ಆಕ್ಸಲ್ ಕೂರಿಸಿದೆ. ಈ ಒಂದು ಹಂತವನ್ನು ಯಾರೂ ಬಿಡಬಾರದು. ಪೂರ್ತಿ ಕಟ್ಟು ಇದ್ದರೆ ಜಾಕಿನಿಂದ ಎತ್ತಿದಾಗ ಪಟ್ಟಿ ಅದುಮುವ ಬದಲು ಇಡೀ ಗಾಡಿಯೇ ಮೇಲೇಳುತ್ತದೆ. ಒಂಟಿ ಎಲೆಯಿದ್ದರೆ ಒಂದು ಜಾಕ್ ಸಾಕು. ಚಕ್ರವನ್ನು ತುತ್ತತುದಿಯವರೆಗೆ ಏರಿಸಿ ಇಳಿಸಿ, ಒಂದು ಕಡೆ ಏರಿಸಿ ಇನ್ನೊಂದು ಕಡೆ ಜೋತುಬಿಟ್ಟು, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಿ ಏನು ತಾಗುತ್ತದೆ ಎಂದು ಕಣ್ಣಾರೆ ನೋಡಬಹುದು. ಡಿಫರೆನ್ಷಿಯಲ್ ಎಂಜಿನ್ ಸಂಪಿಗೆ ಎಷ್ಟು ಹತ್ತಿರ ಬರುತ್ತದೆ, ಎರಡು ನಕಲ್‌ಗಳನ್ನು ಜೋಡಿಸುವ ಟೈ ರಾಡ್ ಪಟ್ಟಿಗೆ ತಾಗುತ್ತದೋ, ಬ್ರೇಕ್ ಹೋಸ್ ಎಷ್ಟು ಎಳೆಯುತ್ತದೆ, ಶಾಫ್ಟ್ ಅಡ್ಡಪಟ್ಟಿಯ ಅಂಚಿಗೆ ಬೆರಳಗಲ ಜಾಗ ಬಿಡುತ್ತದೋ ಇಲ್ಲವೋ. ಆಕ್ಸಲ್ ಏರುವುದನ್ನು ತಡೆಯುವ ಬಂಪ್ ಸ್ಟಾಪಿನ ಎತ್ತರ, ಶಾಕ್ ಅಬ್ಸಾರ್ಬರಿನ ಉದ್ದ, ಇಳಿತ ತಡೆಯುವ ನೈಲಾನ್ ಪಟ್ಟಿಯ ಉದ್ದ ಮೂರನ್ನೂ ನಾನು ಇಲ್ಲಿಂದಲೇ ತೆಗೆದುಕೊಂಡೆ. ಕ್ಯಾಟಲಾಗಿನಲ್ಲಿ ಇಷ್ಟು ಇಂಚಿನ ಎತ್ತರಿಕೆಗೆ ಇಷ್ಟು ಉದ್ದದ ಶಾಕ್ ಎಂದು ಬರೆದಿರುವುದು ಅಂದಾಜು ಮಾತ್ರ.

ಸ್ಪ್ಲೈನಿನ ಓಡಾಟವನ್ನೂ ಲೆಕ್ಕಕ್ಕೇ ಬಿಡಲಿಲ್ಲ. ಒಂದರೊಳಗೊಂದು ಜಾರುವ ಎರಡು ಚೌಕ ಕೊಳವೆಗಳನ್ನು ಎರಡೂ ಫ್ಲೇಂಜುಗಳ ನಡುವೆ ಕಟ್ಟಿ, ಒಳಗಿನದಕ್ಕೆ ಪ್ಲಾಸ್ಟಿಕ್ ಟೈ ಸುತ್ತಿ ಆಕ್ಸಲನ್ನು ಏರಿಸಿ ಇಳಿಸಿದೆ. ಟೈ ಸರಿದ ದೂರವೇ ಓಡಾಟ. ಕಾಗದದ ಅಂಕಿಗೂ ಇದಕ್ಕೂ ಕೆಲವೇ ಮಿ.ಮೀ. ವ್ಯತ್ಯಾಸ ಬಂತು. ಅದುಮುವ ತುದಿಯಲ್ಲಿ ಇನ್ನೂ 20 ಮಿ.ಮೀ. ಖಾಲಿ ಜಾಗ, ಜೋತ ತುದಿಯಲ್ಲಿ ಸ್ಪ್ಲೈನ್ ಸಾಕಷ್ಟು ಒಳಗೇ ಉಳಿದಿರಬೇಕು ಎಂಬ ಷರತ್ತಿನೊಂದಿಗೆ ಉದ್ದ ಸ್ಪ್ಲೈನಿನ ಶಾಫ್ಟಿಗೆ ಅಳತೆ ಕೊಟ್ಟೆ.

ಈಗ ಪಿನಿಯನ್. ಟ್ರಾನ್ಸ್‌ಫರ್ ಕೇಸಿನ ತುದಿಗೆ ಡಬಲ್ ಕಾರ್ಡನ್ ಜಾಯಿಂಟ್ ಹಾಕುವುದೆಂದು ಆಗಲೇ ನಿಶ್ಚಯವಾಗಿತ್ತು. ಬೆನ್ನಿಗೆ ಬೆನ್ನು ಕೊಟ್ಟ ಎರಡು ಕ್ರಾಸುಗಳು, ನಡುವೆ ಅವನ್ನು ಸಮ ಮಾಡುವ ಗೋಳಾಕಾರದ ಕೇಂದ್ರ. 20 ಡಿಗ್ರಿಯನ್ನು ಎರಡೂ ಹತ್ತು ಹತ್ತಾಗಿ ಹಂಚಿಕೊಂಡು, ಒಂದರ ಏರಿಳಿತವನ್ನು ಇನ್ನೊಂದು ಅಲ್ಲೇ ಅಳಿಸುತ್ತವೆ. ಶಾಫ್ಟ್ ಸಮವೇಗದಲ್ಲಿ ತಿರುಗುತ್ತಾ ಕೆಳಗೆ ಬರುತ್ತದೆ. ಹಾಗಾಗಿ ಕೆಳಗಿನ ಒಂಟಿ ಕ್ರಾಸಿಗೆ ಅಳಿಸಲು ಏನೂ ಇಲ್ಲ. ಅದರ ಕೋನ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಅಂದರೆ ಪಿನಿಯನ್ ಮೂತಿ ನೇರವಾಗಿ ಶಾಫ್ಟಿನ ಕಡೆಗೇ, 17 ಡಿಗ್ರಿಯಷ್ಟು ಮೇಲೆ ನೋಡಬೇಕು. ಪುಸ್ತಕದ ಉತ್ತರ ಅದು.

ನಾನು 10 ಡಿಗ್ರಿಗೆ ನಿಲ್ಲಿಸಿದೆ. ಮೂತಿ ತೀರಾ ಮೇಲೆದ್ದರೆ ಹೌಸಿಂಗಿನ ಎಣ್ಣೆ ಹಿಂದಕ್ಕೆ ಇಳಿದು ಪಿನಿಯನ್ನಿನ ಹೊರ ಬೇರಿಂಗಿಗೆ ಸಾಕಷ್ಟು ತಲುಪುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಮೂತಿ ಎತ್ತಿದಷ್ಟೂ ನಕಲ್ ತಿರುಗಿಸಬೇಕಾದ ಪ್ರಮಾಣ ಹೆಚ್ಚುತ್ತದೆ, ಸ್ಟೀರಿಂಗ್ ಆರ್ಮಿನ ಓರೆ ಹೆಚ್ಚುತ್ತದೆ. 10ಕ್ಕೆ ನಿಂತರೆ ಕೆಳಗಿನ ಕ್ರಾಸಿನಲ್ಲಿ ಉಳಿಯುವುದು ಸುಮಾರು 7 ಡಿಗ್ರಿ. ಅದರ ವೇಗದ ಏರಿಳಿತ ಶೇ. 1ಕ್ಕೂ ಕಡಿಮೆ. ನಾನು ಮುಂದಿನ ಚಕ್ರಗಳಿಗೆ ಬಲ ಕೊಡುವುದು ಕಚ್ಚಾ ದಾರಿಯಲ್ಲಿ, ಕಡಿಮೆ ವೇಗದಲ್ಲಿ. ಅಲ್ಲಿ ಇದು ಗೊತ್ತೇ ಆಗುವುದಿಲ್ಲ. ಸದಾಕಾಲ ನಾಲ್ಕೂ ಚಕ್ರ ತಿರುಗಿಸುವ ಗಾಡಿಯಾಗಿದ್ದರೆ, ಹೆದ್ದಾರಿಯ ವೇಗದಲ್ಲೂ ಮುಂದಿನ ಶಾಫ್ಟ್ ಸುತ್ತುತ್ತಿದ್ದರೆ, ಈ ರಾಜಿಗೆ ನಾನು ಒಪ್ಪುತ್ತಿರಲಿಲ್ಲ.

ಪಟ್ಟಿ ಕೂರುವ ಪೀಠಗಳನ್ನು ಆಕ್ಸಲ್‌ಗೆ ಬೆಸೆಯುವ ಮೊದಲು ಗಾಡಿಯ ಪೂರ್ತಿ ಭಾರ ಟೈರಿನ ಮೇಲೆ ಬರಬೇಕು. ಎಂಜಿನ್, ಬಂಪರ್, ವಿಂಚ್ ಎಲ್ಲವೂ ತಂತಮ್ಮ ಜಾಗದಲ್ಲಿ, ಪಟ್ಟಿಯ ಪೂರ್ತಿ ಕಟ್ಟು ಮರಳಿ ಬಿಗಿದು. ಯು ಬೋಲ್ಟುಗಳನ್ನು ಸಡಿಲವಾಗಿ ಬಿಟ್ಟು, ಪಿನಿಯನ್ ಕೆಳಗೆ ಸಣ್ಣ ಜಾಕ್ ಕೊಟ್ಟು ಮೂತಿಯನ್ನು 10 ಡಿಗ್ರಿಗೆ ತಂದು, ಪೀಠಗಳನ್ನು ಚುಕ್ಕಿ ವೆಲ್ಡಿನಲ್ಲಿ ಹಿಡಿಸಿದೆ. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಓಡಿಸಿ ಪಟ್ಟಿಗಳು ಕೂತ ಮೇಲೆ ಮತ್ತೆ ಅಳೆದು, ಆಮೇಲೆ ಆಕ್ಸಲ್ ಕೆಳಗಿಳಿಸಿ ಪೂರ್ತಿ ವೆಲ್ಡ್. ಬ್ಯಾಟರಿ ಕಳಚಿಟ್ಟಿರಬೇಕು. ವೆಲ್ಡಿಂಗಿನ ಅರ್ಥ್ ಕ್ಲ್ಯಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಇರಬೇಕು. ದೂರ ಎಲ್ಲೋ ಕಚ್ಚಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದರ ಗುಂಡುಗಳಿಗೆ ಕಲೆ ಬೀಳಿಸುತ್ತದೆ.

ನಕಲ್ ಕೆಲಸ ಇಡೀ ಯೋಜನೆಯ ಹೃದಯ. ಹಬ್, ಬ್ರೇಕ್, ಬಿರ್ಫೀಲ್ಡ್, ಒಳ ಶಾಫ್ಟ್ ಎಲ್ಲ ಹೊರಗೆ. ಒಳ ಸೀಲುಗಳೂ ಹೊರಗೆ, ಶಾಖಕ್ಕೆ ಅವು ಉಳಿಯುವುದಿಲ್ಲ. ಈ ಬಗೆಯ ಆಕ್ಸಲ್‌ಗಳಲ್ಲಿ ನಕಲ್ ಕೂರುವ ದೊಡ್ಡ ಗೋಳವನ್ನು ಕೊಳವೆಯ ತುದಿಗೆ ಒತ್ತಿ ಸುತ್ತಲೂ ಬೆಸೆದಿರುತ್ತಾರೆ. ಮೊದಲು ಗೋಳಕ್ಕೂ ಕೊಳವೆಗೂ ಉದ್ದಕ್ಕೆ ಒಂದು ಆಳವಾದ ಗೀರು ಹಾಕಿಕೊಂಡೆ. ಮೂಲಸ್ಥಿತಿ ಎಲ್ಲಿತ್ತೆಂದು ತಿಳಿಯಲು ಅದೊಂದೇ ಸಾಕ್ಷಿ. ಆಮೇಲೆ ಗ್ರೈಂಡರಿನಿಂದ ವೆಲ್ಡನ್ನು ಸುತ್ತಲೂ ತೆಗೆಯುತ್ತಾ ಹೋದೆ. ಇಲ್ಲಿ ಆತುರ ಸಲ್ಲದು; ಕೊಳವೆಗೆ ಆಳವಾಗಿ ಕಡಿದರೆ ಮುಂದೆ ಅಲ್ಲೇ ಬಿರುಕು ಹುಟ್ಟುತ್ತದೆ. ಹಳೆಯ ವೆಲ್ಡಿಗೂ ಕೊಳವೆಗೂ ನಡುವೆ ಕೂದಲಿನಷ್ಟು ತೆಳ್ಳನೆಯ ಗೆರೆ ಕಾಣತೊಡಗಿದಾಗ ನಿಲ್ಲಿಸಿ, ಭಾರದ ಸುತ್ತಿಗೆಯಿಂದ ಗೋಳದ ಕಿವಿಗೆ ಹೊಡೆದರೆ ಅದು ಅಲುಗುತ್ತದೆ. ಆ ಮೊದಲ ಅಲುಗಾಟದ ಸದ್ದೇ ಬೇರೆ. ಅಷ್ಟು ಹೊತ್ತಿನ ಧೂಳು, ಕಿಡಿ, ಬೆನ್ನುನೋವು ಎಲ್ಲಕ್ಕೂ ಅದೇ ಸಮಾಧಾನ.

ಕ್ಯಾಸ್ಟರ್ 5 ಡಿಗ್ರಿ ಬೇಕೆಂದು ಇಟ್ಟುಕೊಂಡಿದ್ದೆ. ಪಿನಿಯನ್ ಕೆಳಮುಖ 3ರಿಂದ ಮೇಲ್ಮುಖ 10ಕ್ಕೆ ಹೋಗಿದ್ದರಿಂದ ಹೌಸಿಂಗ್ 13 ಡಿಗ್ರಿ ತಿರುಗಿದೆ, ಕ್ಯಾಸ್ಟರ್ ಧನ 3ರಿಂದ ಋಣ 10ಕ್ಕೆ ಇಳಿದಿದೆ. ಅಲ್ಲಿಂದ 5ಕ್ಕೆ ಬರಬೇಕೆಂದರೆ ಗೋಳಗಳನ್ನು 15 ಡಿಗ್ರಿ ಹಿಂದಕ್ಕೆ ತಿರುಗಿಸಬೇಕು. ಮೂಲ 3 ಸಾಲದೆಂದು 5 ಇಟ್ಟದ್ದಕ್ಕೆ ಕಾರಣ ಬ್ರೇಕ್. ಪಟ್ಟಿ ಆಕ್ಸಲ್ ಮೇಲಿರುವಾಗ ಬ್ರೇಕಿನ ಬಲಕ್ಕೆ ಪಟ್ಟಿಯನ್ನು ತಿರುಚಲು ಹೆಚ್ಚು ಹಿಡಿತ ಸಿಗುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಹೌಸಿಂಗಿನ ಮೇಲ್ಭಾಗ ಮುಂದಕ್ಕೆ ಉರುಳಿ ಕ್ಯಾಸ್ಟರ್ ಕ್ಷಣಕಾಲ ಇಳಿಯುತ್ತದೆ. ಇಳಿದ ಮೇಲೂ ಧನವಾಗಿಯೇ ಉಳಿಯಲಿ ಎಂದು ಎರಡು ಡಿಗ್ರಿ ಹೆಚ್ಚು. ದೊಡ್ಡ ಟೈರಿಗೂ ಅದು ಒಗ್ಗುತ್ತದೆ, ಸ್ಟೀರಿಂಗ್ ಸ್ವಲ್ಪ ಭಾರವಾಗುತ್ತದೆ ಅಷ್ಟೆ.

ಎರಡೂ ಕಡೆ ನಕಲ್‌ನ ಮೇಲಿನ ಕ್ಯಾಪ್ ಕೂರುವ ಸಮತಟ್ಟಾದ ಮುಖದ ಮೇಲೆ ಕೋನಮಾಪಕ ಇಟ್ಟು, ಪಿನಿಯನ್ ಫ್ಲೇಂಜಿನ ಮೇಲೆ ಇನ್ನೊಂದನ್ನು ಇಟ್ಟು, ಒಂದನ್ನು ನೋಡಿ ಇನ್ನೊಂದನ್ನು ತಿರುಗಿಸಿ ಚುಕ್ಕಿ ಹಾಕಿದೆ. ಎಡಬಲಗಳ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಗಾಡಿ ಸದಾ ಒಂದು ಕಡೆಗೆ ಎಳೆಯುತ್ತದೆ. ಗೋಳ ಎರಕದ್ದು, ತಣ್ಣಗಿರುವಾಗ ನೇರವಾಗಿ ಬೆಸೆದರೆ ಬಿರುಕು ಬಿಡುತ್ತದೆ. ಅದಕ್ಕೆ ಮೊದಲು ಬಿಸಿಮಾಡಿ, ಗಡಿಯಾರದ ಮುಳ್ಳಿನಂತೆ ಸುತ್ತುವ ಬದಲು ಎದುರುಬದುರು ಸಣ್ಣ ಸಣ್ಣ ತುಂಡುಗಳಲ್ಲಿ ಬೆಸೆದು, ಕೊನೆಗೆ ಶಾಖನಿರೋಧಕ ಹೊದಿಕೆ ಸುತ್ತಿ ತಾನಾಗಿ ಆರಲು ಬಿಡಲಾಯಿತು. ಈ ವೆಲ್ಡನ್ನು ನಾನು ಹಾಕಲಿಲ್ಲ, ಎರಕದ ಉಕ್ಕು ಬೆಸೆದು ಪಳಗಿದವರಿಂದ ಹಾಕಿಸಿದೆ. ಚಕ್ರ ಗಾಡಿಗೆ ಅಂಟಿಕೊಂಡಿರುವುದು ಆ ಒಂದು ಉಂಗುರದಷ್ಟು ವೆಲ್ಡಿನಿಂದ. ಆರಿದ ಮೇಲೆ ಒಳ ಶಾಫ್ಟ್ ಎಲ್ಲೂ ಉಜ್ಜದೆ ಕೈಯಲ್ಲೇ ಜಾರಿ ಡಿಫರೆನ್ಷಿಯಲ್ ಒಳಗೆ ಕೂತಿತು. ಕೊಳವೆ ಬಾಗಿಲ್ಲ ಎಂಬುದಕ್ಕೆ ಅದು ಮೊದಲ ಪರೀಕ್ಷೆ.

ಸ್ಟೀರಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಟ್ಟಿ ಮೇಲೆ ಬಂದಿದ್ದರಿಂದ ಸ್ಟೀರಿಂಗ್ ಪೆಟ್ಟಿಗೆಯಿಂದ ನಕಲ್ ಕಡೆಗೆ ಹೋಗುವ ಹಳೆಯ ಡ್ರ್ಯಾಗ್ ಲಿಂಕಿಗೆ ಜಾಗ ಉಳಿಯಲಿಲ್ಲ. ನಕಲ್‌ನ ಮೇಲಿನ ಕ್ಯಾಪಿನ ಜಾಗದಲ್ಲಿ ಕೂರುವ ಎತ್ತರದ ಆರ್ಮ್‌ಗಳನ್ನು ಹಾಕಿ ರಾಡುಗಳನ್ನು ಪಟ್ಟಿಯ ಮೇಲಿಂದ ಹಾಯಿಸಿದೆ. ಡ್ರ್ಯಾಗ್ ಲಿಂಕ್ ಸಮತಟ್ಟಿಗೆ ಹತ್ತಿರ ಇದ್ದಷ್ಟೂ ಚಕ್ರ ಏರಿಳಿದಾಗ ಗಾಡಿ ತಾನಾಗಿ ತಿರುಗುವ ಚಟ ಕಡಿಮೆ. ಬ್ರೇಕ್ ಹೋಸ್‌ಗಳನ್ನು ಪೂರ್ತಿ ಜೋತು, ಪೂರ್ತಿ ತಿರುಗಿದ ಸ್ಥಿತಿಯಲ್ಲೂ ಸಡಿಲ ಉಳಿಯುವಷ್ಟು ಉದ್ದದವಕ್ಕೆ ಬದಲಿಸಿದೆ. ಯು ಬೋಲ್ಟುಗಳು ಹೊಸವು. ಒಮ್ಮೆ ಎಳೆದು ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ, ಅದನ್ನು ಮತ್ತೆ ಬಳಸಬಾರದು.

ಹಿಂದಿನ ಶಾಫ್ಟಿಗೂ ಕೈ ಹಚ್ಚಬೇಕಾಯಿತು, ಆದರೆ ಅದು ಉದ್ದವಾಗಿರುವುದರಿಂದ ಅದೇ ಏರಿಕೆಗೆ ಕೋನ ಅಷ್ಟಾಗಿ ಕೆಡುವುದಿಲ್ಲ, ಅಲ್ಲಿ ಕ್ಯಾಸ್ಟರ್ ಎಂಬ ಎದುರಾಳಿಯೂ ಇಲ್ಲ. ಎರಡೂ ತುದಿಯಲ್ಲಿ ಒಂಟಿ ಕ್ರಾಸುಗಳನ್ನೇ ಉಳಿಸಿ, ಉಕ್ಕಿನ ಬೆಣೆಯಿಂದ ಪಿನಿಯನ್ ಸರಿಪಡಿಸಿದೆ. ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಎಂಜಿನ್ ಎಳೆಯುವಾಗ ಹೌಸಿಂಗ್ ಚಕ್ರದ ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತದೆ. ಹಿಂದಿನ ಪಿನಿಯನ್ ಮುಂದಕ್ಕೆ ಮುಖ ಮಾಡಿರುವುದರಿಂದ ಮೇಲೇಳುತ್ತದೆ, ಮುಂದಿನದು ಹಿಂದಕ್ಕೆ ಮುಖ ಮಾಡಿರುವುದರಿಂದ ಕೆಳಗಿಳಿಯುತ್ತದೆ. ಅದಕ್ಕೇ ಹಿಂದಿನ ಪಿನಿಯನ್ ಅನ್ನು ನಿಂತ ಸ್ಥಿತಿಯಲ್ಲಿ ಬೇಕಾದ್ದಕ್ಕಿಂತ ಒಂದೆರಡು ಡಿಗ್ರಿ ತಗ್ಗಿಸಿಯೇ ಕೂರಿಸಿದೆ.

ಹೊಸ ಮುಂದಿನ ಶಾಫ್ಟ್ ಬಂದಾಗ ಮೊದಲು ಮಾಡಿದ್ದು ಅದನ್ನು ಕಟ್ಟಿ, ಪೂರ್ತಿ ಇಳಿತದಲ್ಲಿ ಕೈಯಿಂದ ಒಂದು ಸುತ್ತು ತಿರುಗಿಸಿದ್ದು. ಡಬಲ್ ಕಾರ್ಡನ್‌ನ ನೊಗ ಎಲ್ಲೂ ತಾಗಲಿಲ್ಲ, ಆದರೆ ಅಂಚಿಗೂ ಅಂಚಿಗೂ ಉಳಿದ ಜಾಗ ಕಡಿಮೆ. ಸಾಮಾನ್ಯ ಡಬಲ್ ಕಾರ್ಡನ್‌ಗಳ ಮಿತಿ 30 ಡಿಗ್ರಿಯ ಆಸುಪಾಸು. ನನ್ನದು 29ರ ಹತ್ತಿರ. ಆ ಒಂದು ಡಿಗ್ರಿಯನ್ನು ಕಾಪಾಡಲು ಆಕ್ಸಲ್ ನಡುವಿಗೆ ಇಳಿತ ತಡೆಯುವ ನೈಲಾನ್ ಪಟ್ಟಿ ಕಟ್ಟಿದೆ. ನಡುವೆ ಕಟ್ಟುವುದರಲ್ಲಿ ಲಾಭವಿದೆ: ಒಂದು ಚಕ್ರ ಏರಿ ಇನ್ನೊಂದು ಜೋತಾಗ ಅದು ಅಡ್ಡಬರುವುದಿಲ್ಲ, ಇಡೀ ಆಕ್ಸಲ್ ಒಟ್ಟಿಗೆ ಇಳಿದಾಗ ಮಾತ್ರ ಬಿಗಿಯುತ್ತದೆ.

ಮೊದಲ ಓಟ ಹಬ್ ಲಾಕ್ ಬಿಚ್ಚಿಟ್ಟು, ಡಾಂಬರು ರಸ್ತೆಯಲ್ಲಿ. ತಿರುವಿನಿಂದ ಹೊರಬರುವಾಗ ಸ್ಟೀರಿಂಗ್ ಅಂಗೈಯೊಳಗೆ ಜಾರಿ ತಾನೇ ನೇರವಾಯಿತು. ಮೊದಲಿಗಿಂತ 100 ಮಿ.ಮೀ. ಎತ್ತರದ ಗಾಡಿ ಮೊದಲಿಗಿಂತ ನೆಟ್ಟಗೆ ಓಡುತ್ತಿರುವುದನ್ನು ಕೈಯಲ್ಲಿ ಅನುಭವಿಸಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ. ಬ್ರೇಕ್ ಹಾಕಿದರೆ ಮೂತಿ ಮೊದಲಿಗಿಂತ ಹೆಚ್ಚು ಬಾಗುತ್ತದೆ; ಶ್ಯಾಕಲ್ ಹಿಂದಕ್ಕೆ ಹೋದ ಗಾಡಿಗಳ ಸಹಜ ಗುಣ ಅದು, ಅದಕ್ಕೆ ಒಗ್ಗಿಕೊಳ್ಳಬೇಕು. ಕಚ್ಚಾ ದಾರಿಯಲ್ಲಿ ಹಬ್ ಲಾಕ್ ಮಾಡಿ ನಿಧಾನಕ್ಕೆ ವೇಗ ಏರಿಸುತ್ತಾ ಹೋದೆ. ಗಂಟೆಗೆ 50 ಕಿ.ಮೀ.ವರೆಗೆ ನೆಲಹಾಸಿಗೆ ಯಾವ ಕಂಪನವೂ ಬರಲಿಲ್ಲ. ಅದಕ್ಕಿಂತ ಮೇಲೆ ಸಣ್ಣದೊಂದು ಗುಂಯ್‌ಗುಡುವಿಕೆ ಇದೆ, ಕೆಳಗಿನ ಕ್ರಾಸಿನಲ್ಲಿ ಉಳಿಸಿಕೊಂಡ 7 ಡಿಗ್ರಿಯದು. ಕಲ್ಲಿನ ಮೆಟ್ಟಿಲಿನಂಥ ಏರಿನಲ್ಲಿ ಲೋ ರೇಂಜ್ ಹಾಕಿ ಹತ್ತಿದಾಗ ಹಳೆಯ ಗುದ್ದು ಇರಲಿಲ್ಲ. ಚಕ್ರ ಹಿಂದಕ್ಕೆ ಸರಿದು ಕಲ್ಲನ್ನು ಹತ್ತಿಕೊಂಡು ಹೋಯಿತು.

ಕೆಲವು ಓಟಗಳ ನಂತರ ಯು ಬೋಲ್ಟುಗಳನ್ನು ಮತ್ತೆ ಬಿಗಿದೆ. ಹೊಸ ಪಟ್ಟಿ ಕೂತಂತೆ ಅವು ಸಡಿಲವಾಗುತ್ತವೆ. ನಕಲ್ ವೆಲ್ಡುಗಳನ್ನು ಉಜ್ಜಿ ಬಣ್ಣದ ದ್ರವ ಸಿಂಪಡಿಸಿ ಬಿರುಕಿಗಾಗಿ ನೋಡಿದೆ, ಏನೂ ಕಾಣಲಿಲ್ಲ. ಈಗ ನಿಯಮಿತವಾಗಿ ನೋಡುವ ಜಾಗಗಳೆಂದರೆ ಆ ವೆಲ್ಡುಗಳು, ಸ್ಪ್ಲೈನಿನ ಮೇಲೆ ಗ್ರೀಸ್ ಬಿಟ್ಟ ಗೆರೆ, ಮತ್ತು ಡಬಲ್ ಕಾರ್ಡನ್ ನಡುವಿನ ಗೋಳ. ಗೋಳಕ್ಕೆ ಗ್ರೀಸ್ ಹಾಕಲು ಸೂಜಿಯಂಥ ತೆಳುವಾದ ಮೂತಿ ಬೇಕು, ಸಾಮಾನ್ಯ ಗ್ರೀಸ್ ಗನ್ ಅಲ್ಲಿಗೆ ತಲುಪುವುದಿಲ್ಲ. ಕ್ರಾಸುಗಳಿಗೆಲ್ಲ ಗ್ರೀಸ್ ಹೊಡೆದು ಇದೊಂದನ್ನು ಬಿಟ್ಟರೆ ಜಾಯಿಂಟ್ ಒಳಗಿನಿಂದಲೇ ಒಣಗಿ ಸವೆಯುತ್ತದೆ. ನಾನು ಅದಕ್ಕೆ ಬೇರೆಯದೇ ಒಂದು ಸಣ್ಣ ಗನ್ ಇಟ್ಟುಕೊಂಡಿದ್ದೇನೆ, ಕೆಸರು ನೀರಿನಲ್ಲಿ ಇಳಿದು ಬಂದಾಗಲೆಲ್ಲ ಗಾಡಿ ತೊಳೆಯುವ ಮೊದಲೇ ಅದು ಕೈಗೆ ಬರುತ್ತದೆ.